ಪಟಾಕಿಯಿಲ್ಲದ ಗಂಟು

ಅಕ್ಟೋಬರ್ ಎಂಟರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಅಂಗಡಿ ತುಂಬ ಗಿರಾಕಿಗಳು ನಿಂತಿರುವಾಗ, ಒಂಬತ್ತು ವರ್ಷಗಳಿಂದ ಇದ್ದ ನನ್ನ ಪ್ರೇಮಿ ಇದ್ದಕ್ಕಿದ್ದಂತೆ ಇಲ್ಲವಾದ. ಸತ್ತುಹೋದ ಎಂದುಕೊಳ್ಳಬೇಡಿ. ಅವನು ಹುಟ್ಟಿಯೇ ಇರಲಿಲ್ಲವಂತೆ.

ಅದಕ್ಕೆ ಸ್ವಲ್ಪ ಮೊದಲು ನಾನು ಗಂಟು ಕಟ್ಟುತ್ತಿದ್ದೆ. ಆ ದಿನ ವಲೆನ್ಸಿಯಾದ ಮಿಠಾಯಿ ಅಂಗಡಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮರುದಿನ ಸಂತ ದಿಯೊನಿಸರ ಹಬ್ಬ. ಊರಿನ ಗಂಡಸರೆಲ್ಲ ತಮ್ಮ ತಮ್ಮ ಹೆಣ್ಣಿಗೆ ರೇಷ್ಮೆ ಸ್ಕಾರ್ಫಿನಲ್ಲಿ ಬಾದಾಮಿ ಮಿಠಾಯಿ ಕಟ್ಟಿಸಿ ಕೊಡಬೇಕು. ಹೆಬ್ಬೆರಳಿನಷ್ಟೇ ದೊಡ್ಡ ದಾಳಿಂಬೆ, ಅಂಜೂರ, ಕಿತ್ತಳೆ, ಮೂಲಂಗಿ, ಎಲ್ಲವೂ ಬಾದಾಮಿಯವೇ, ಎಲ್ಲವೂ ಕೈಯಲ್ಲಿ ತಿದ್ದಿದವೇ. ಹೆಂಗಸರು ಮಿಠಾಯಿ ತಿಂದು, ಸ್ಕಾರ್ಫನ್ನು ಕೊರಳಿಗೆ ಸುತ್ತಿಕೊಂಡು ಬೀದಿಗಿಳಿಯುತ್ತಾರೆ. ಯಾರ ಕೊರಳು ಬರಿದಾಗಿದೆ ಎಂದು ಇಡೀ ಬೀದಿ ನೋಡುತ್ತದೆ. ನಾವು ನೋಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಣ್ಣುಗಳ ಜೊತೆ ಗಂಟಿನಲ್ಲಿ ಎರಡು ಪಟಾಕಿಗಳೂ ಇರಬೇಕು. ಅವೂ ಬಾದಾಮಿಯವೇ. ಒಂದು ಉದ್ದಕ್ಕೆ, ಅದು ಗಂಡು; ಇನ್ನೊಂದು ಗುಂಡಗೆ, ಅದು ಹೆಣ್ಣು. ಹೆಸರಿಗೆ ಮಾತ್ರ ಪಟಾಕಿ; ಅವು ನಿಜಕ್ಕೂ ಏನೆಂಬುದು ಮದುವೆಯಾದವರಿಗೂ ಗೊತ್ತು, ಆಗದವರಿಗೂ ಗೊತ್ತು. ಅವನ್ನು ಗಂಟಿಗೆ ಹಾಕುವಾಗ ಎಂಥ ದೊಡ್ಡ ಮನುಷ್ಯನೂ ಚಾವಣಿ ನೋಡುತ್ತಾನೆ.

ಬತೀಸ್ತ್ ಬಂದದ್ದು ಆಗಲೇ. ನಮ್ಮ ಎದುರಿಗಿನ ಬೀಸಣಿಗೆ ಅಂಗಡಿಯವನು. ಅವನ ಅಜ್ಜ ಶುರು ಮಾಡಿದ ಅಂಗಡಿ. ಕಟ್ಟಡ ಹೋಟೆಲಿನವರ ಪಾಲಾಗಿತ್ತು, ತಿಂಗಳ ಕೊನೆಗೆ ಅವನು ಖಾಲಿ ಮಾಡಿ, ದೂರದ ಸೆವಿಲ್ಯಾದ ಬೀಸಣಿಗೆ ಕಾರ್ಖಾನೆಯ ಕೆಲಸಕ್ಕೆ ಹೋಗಬೇಕಿತ್ತು.

“ಏನಪ್ಪಾ, ಕ್ಯೂ ಇರೋದು ಕಾಣಿಸ್ತಿಲ್ವಾ?” ಅಂದೆ.

“ನಾನು ತಗೊಳ್ಳೋಕೆ ಬಂದಿಲ್ಲ, ಕೊಡೋಕೆ ಬಂದಿದ್ದೀನಿ.”

“ನೀನು ಜನಕ್ಕೆ ಕೊಡೋದು ಅಂದ್ರೆ ಬರೀ ಗಾಳಿ ತಾನೆ?”

“ಅದೇ. ತಗೋ, ನಿನ್ನ ಗಾಳಿ.” ಅವನು ಕೌಂಟರ್ ಮೇಲೆ ನನ್ನ ತೀರಿಹೋದ ಅಮ್ಮನ ಬೀಸಣಿಗೆಯನ್ನು ಬಿಚ್ಚಿ ಇಟ್ಟ. “ಮೂರು ಕಡ್ಡಿ ಹೊಸದು ಹಾಕಿದ್ದೀನಿ. ಯಾವ ಮೂರು ಅಂತ ಕಂಡುಹಿಡಿ ನೋಡೋಣ.”

ನನಗೆ ಕಂಡುಹಿಡಿಯಲಾಗಲಿಲ್ಲ. ಅವನ ಬೆರಳು ಅಷ್ಟು ಚೊಕ್ಕ. ಕೆಲಸ ಮಾಡುವಾಗ ಅವನು ಕನ್ನಡಕವನ್ನು ಹಣೆಯ ಮೇಲೆ ಏರಿಸಿ ಮರೆತುಬಿಡುತ್ತಾನೆ. ಆಗಲೂ ಅದು ಅಲ್ಲೇ ಇತ್ತು. ಇಳಿಸಿಕೋ ಎಂದು ಹೇಳಲು ಬಾಯಿ ತೆರೆದೆ.

“ನಾಳೆ ಸಂಜೆ ಆರಕ್ಕೆ ನನ್ನ ಟ್ರೇನು. ಸೆವಿಲ್ಯಾದವರು ಬೇಗ ಬಾ ಅಂದ್ರು.”

ತೆರೆದ ಬಾಯಿ ಹಾಗೇ ಉಳಿಯಿತು. ತಿಂಗಳ ಕೊನೆ ಎಂದರೆ ಇನ್ನೂ ಮೂರು ವಾರ ಎಂದು ನಾನು ದಿನ ಎಣಿಸುತ್ತಿದ್ದೆ.

“ನಾಳೆನಾ? ಹಬ್ಬದ ದಿನ ಯಾರಾದ್ರೂ ಊರು ಬಿಡ್ತಾರೇನೋ?”

“ಹಬ್ಬ ಇರೋರಿಗೆ ಹಬ್ಬ.” ಅವನ ಕಣ್ಣು ಒಂದು ಗಳಿಗೆ ನನ್ನ ಕೊರಳ ಮೇಲೆ ನಿಂತು ಆಚೆ ಸರಿಯಿತು. “ನಾಳೆ ನಿನಗೆ ಹೊಸದು ಬರುತ್ತಲ್ಲ. ಈ ಸಲ ಯಾವ ಬಣ್ಣವೋ.”

“ಬರುತ್ತೆ. ನಿನಗೇನು ಹೊಟ್ಟೆ ಉರಿನಾ?”

“ನನಗ್ಯಾಕೆ?” ಅಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಹೊಸದು ಬರುವ ಕಥೆ ಹೇಳಿಬಿಡುತ್ತೇನೆ. ನನಗೆ ಇಪ್ಪತ್ತೈದಿದ್ದಾಗ, ಮದುವೆಗೆ ಎರಡು ತಿಂಗಳಿದೆ ಎನ್ನುವಾಗ, ಗೊತ್ತಾಗಿದ್ದ ಹುಡುಗ ಇನ್ನೊಬ್ಬಳ ಜೊತೆ ಹೊರಟುಹೋದ. ಆ ಅಕ್ಟೋಬರಿನಲ್ಲಿ ಬರಿಗೊರಳಲ್ಲಿ ನಿಂತು ಊರವರ ಗಂಟೆಲ್ಲ ಕಟ್ಟಿದೆ. ಒಂಬತ್ತನೇ ತಾರೀಕು, ಹಬ್ಬದ ಬೆಳಿಗ್ಗೆ, ಅಪ್ಪ ಶಟರ್ ಎತ್ತುತ್ತ ಕೂಗಿದರು: “ರೋಸೆರ್, ಬಾರೇ ಇಲ್ಲಿ! ಯಾರೋ ನಿನಗೆ ಏನೋ ಬಿಟ್ಟುಹೋಗಿದ್ದಾರೆ!” ಹಿಡಿಕೆಗೆ ಹಸಿರು ರೇಷ್ಮೆಯ ಗಂಟೊಂದು ನೇತಾಡುತ್ತಿತ್ತು. ಹೆಸರಿಲ್ಲ, ಚೀಟಿಯಿಲ್ಲ.

ಅಂದಿನಿಂದ ವರ್ಷ ತಪ್ಪಿಲ್ಲ. ನನ್ನ ಬೀರುವಿನಲ್ಲಿ ಒಂಬತ್ತು ಸ್ಕಾರ್ಫುಗಳಿವೆ. ಒಳಗಿನ ಮಿಠಾಯಿ, ನಮ್ಮ ಬೀದಿಯ ಕೊನೆಯಲ್ಲಿ ಊರವರೆಲ್ಲ ಅತ್ತೆ ಎಂದು ಕರೆಯುವ ಫಿನೇತಾಳ ಅಂಗಡಿಯದು ಎಂದು ಮೊದಲ ತುತ್ತಿಗೇ ಗೊತ್ತಾಗಿತ್ತು, ಆಕೆ ನಿಂಬೆ ಸಿಪ್ಪೆಯನ್ನು ಧಾರಾಳವಾಗಿ ತುರಿಯುತ್ತಾಳೆ. ಗಂಟಿನಲ್ಲಿ ಪಟಾಕಿ ಮಾತ್ರ ಒಮ್ಮೆಯೂ ಇರಲಿಲ್ಲ. ಎಂಥ ಮರ್ಯಾದಸ್ಥನಪ್ಪಾ ಇವನು ಎಂದು ಅಂದುಕೊಂಡಿದ್ದೆ.

ಅವನು ಯಾರಿರಬಹುದು ಎಂದು ಊರು ಕೇಳಿತು. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಹೆಸರು. ಬತೀಸ್ತನೇ ಆಗಿರಲಿ ಎಂದು ಹರಕೆ ಹೊತ್ತದ್ದೂ ಉಂಟು. ಪ್ರತಿ ವರ್ಷ ಹೊಸ ಸ್ಕಾರ್ಫು ಸುತ್ತಿಕೊಂಡು ಅವನ ಅಂಗಡಿ ಮುಂದೆ ಬೇಕೆಂದೇ ಎರಡೆರಡು ಸಲ ಹಾದುಹೋಗುತ್ತಿದ್ದೆ. ಒಮ್ಮೆ ಒಳಗೇ ಹೋಗಿ, “ಚೆನ್ನಾಗಿದೆಯೇನೋ?” ಎಂದು ಕೇಳಿದ್ದೆ. “ಕೊಟ್ಟವನ ಕಣ್ಣು ಚೆನ್ನಾಗಿದೆ” ಅಂದು ತಲೆ ತಗ್ಗಿಸಿ ಕಡ್ಡಿ ಕೆರೆಯತೊಡಗಿದ. ಕೊಟ್ಟವನಿಗೆ ತಾನೇ ಕೊಟ್ಟೆನೆಂದು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಹೇಳಲಿಲ್ಲ. ಅಂದರೆ ಇವನಲ್ಲ. ಆದರೂ ಮುಂದಿನ ವರ್ಷ ಮತ್ತೆ ಹಾದುಹೋಗುತ್ತಿದ್ದೆ. ನಾಚಿಕೆಗೆಟ್ಟವಳು ನಾನು.

ಅಂಥ ಬತೀಸ್ತ್ ನನ್ನೆದುರು ನಿಂತು ಟ್ರೇನಿನ ಹೊತ್ತು ಹೇಳುತ್ತಿರುವಾಗ, ಫಿನೇತಾ ಅತ್ತೆ ಅಂಗಡಿಯ ಹೊಸ್ತಿಲು ತುಳಿದಳು.

ಕ್ಯೂ ಪೂರ್ತಿ ತಣ್ಣಗಾಯಿತು. ಆಕೆ ನಮ್ಮ ಅಂಗಡಿಗೆ ಕಾಲಿಟ್ಟು ಮೂವತ್ತು ವರ್ಷ ಮೇಲಾಗಿತ್ತು. ಕೆಂಪು ಕಾಳು ಕಾಣುವ ಹಾಗೆ ಬಿರಿದ ಬಾದಾಮಿ ದಾಳಿಂಬೆಯನ್ನು ಮೊದಲು ತಿದ್ದಿದ್ದು ಅಪ್ಪನೋ ಆಕೆಯೋ ಎಂಬುದು ಅವರ ಜಗಳ. ಆಕೆಯ ಅಂಗಡಿ ಬಂದರೆ ಅಪ್ಪ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ.

“ಏನೇ ರೋಸೆರ್, ನಿಮ್ಮಪ್ಪ ಇದ್ದಾನೋ ಇಲ್ವೋ?”

“ಬಾದಾಮಿ ಮೂಟೆ ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡಿದೆ ಅತ್ತೆ. ನಾಲ್ಕು ದಿನದಿಂದ ಮೇಲೆ ಮಲಗಿದ್ದಾರೆ.”

“ಅದಕ್ಕೇ ಬಂದಿಲ್ಲ! ಪ್ರತಿ ವರ್ಷ ಏಳನೇ ತಾರೀಕಿಗೆ ಸರಿಯಾಗಿ ನಮ್ಮ ಹಿಂಬಾಗಿಲಿಗೆ ಕಳ್ಳನ ಹಾಗೆ ಬರ್ತಿದ್ದ. ಈ ಸಲ ಕಾದೆ, ಕಾದೆ. ನಾಳೆ ಹಬ್ಬ ಇಟ್ಕೊಂಡು ನಾನೇನ್ ಮಾಡ್ಲಿ? ಮಂಡಿ ನೋವಲ್ಲೇ ಹೊತ್ಕೊಂಡು ಬಂದೆ. ತಗೋ.”

ಕೌಂಟರ್ ಮೇಲೆ, ಅಮ್ಮನ ಬೀಸಣಿಗೆಯ ಪಕ್ಕದಲ್ಲಿ, ಕೇಸರಿ ರೇಷ್ಮೆಯ ಗಂಟೊಂದು ಕೂತಿತು.

“ಏನತ್ತೆ ಇದು?”

“ನಿಮ್ಮಪ್ಪ ವರ್ಷಾ ವರ್ಷಾ ಕಟ್ಟಿಸೋ ಗಂಟು. ಪಟಾಕಿ ಹಾಕಿಲ್ಲ ಅಂತ ಹೇಳು, ಇಲ್ದಿದ್ರೆ ಅದಕ್ಕೂ ಎಗರಾಡ್ತಾನೆ. ಮೊದಲನೇ ವರ್ಷ ಹಾಕಿಬಿಟ್ಟಿದ್ದೆ ನೋಡು, ‘ನನ್ನ ಮಗಳಿಗೆ ಕಣೇ ಇದು, ನಾಚಿಕೆ ಇಲ್ವಾ ನಿನಗೆ, ತೆಗಿ ಅವನ್ನ’ ಅಂತ ಕೂಗಾಡಿ—” ಆಕೆ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. “ಯಾಕೇ ಹಾಗೆ ನೋಡ್ತೀಯ? ನಿನಗೇ ತಾನೆ ಕೊಡ್ತಿದ್ದದ್ದು?”

ನಾನು ಗರ ಬಡಿದವಳ ಹಾಗೆ ನಿಂತೆ. ಕ್ಯೂನಲ್ಲಿ ಯಾರೋ “ಅಯ್ಯೋ ದೇವರೇ” ಎಂದು ಮೆಲ್ಲಗೆ ಅಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಇನ್ನೊಬ್ಬಳು ಕೆಮ್ಮಿದಳು, ಅದು ಕೆಮ್ಮಲ್ಲ.

ಬತೀಸ್ತನ ಕಡೆ ನೋಡುವ ಧೈರ್ಯ ನನಗಿರಲಿಲ್ಲ, ಆದರೂ ನೋಡಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಗಂಟನ್ನು ನೋಡಿದ, ಫಿನೇತಾ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. “ಒಂಬತ್ತು ವರ್ಷಾನೂ?” ಎಂದು ಅತ್ತೆಯನ್ನು ಕೇಳಿದ.

“ಹೂಂ ಕಣಪ್ಪ, ಒಂಬತ್ತೂ.”

ಅವನು ಬಾಗಿಲಿಗೆ ಭುಜ ತಾಗಿಸಿಕೊಂಡು ಹೊರಗೆ ನಡೆದುಬಿಟ್ಟ. ಕನ್ನಡಕ ಹಣೆಯ ಮೇಲೇ ಇತ್ತು. ಅವನಿಗೆ ನನ್ನ ಮೇಲೆ ಅಯ್ಯೋ ಪಾಪ ಎನಿಸಿರಬೇಕು ಎಂದುಕೊಂಡೆ. ಅದಕ್ಕಿಂತ ಅವನು ಗೊಳ್ಳೆಂದು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಂಟು ಹಿಡಿದು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಅಪ್ಪ ದಿಂಬಿಗೆ ಒರಗಿದ್ದರು. ನಾಲ್ಕು ದಿನದಿಂದ “ಒಂದೇ ಒಂದ್ಸಲ ಹೊರಗೆ ಹೋಗ್ಬೇಕು, ಒಂದೇ ಒಂದ್ಸಲ” ಎಂದು ಅವರು ಹಟ ಹಿಡಿದದ್ದು ಯಾಕೆಂದು ಆಗ ಅರ್ಥವಾಯಿತು. ಕೇಸರಿ ರೇಷ್ಮೆ ಕಂಡದ್ದೇ ಅವರ ಮುಖ ಬೂದಿಯಾಯಿತು.

“ಅವಳೇ ತಂದಳಾ?”

“ಇಡೀ ಕ್ಯೂ ಮುಂದೆ ತಂದಳು! ನಾನೇನು ಮಾಡಿದ್ದೆ ನಿಮಗೆ? ಒಂಬತ್ತು ವರ್ಷ ನನ್ನ ಮಂಗನ ಹಾಗೆ ಕುಣಿಸಿದ್ರಲ್ಲ! ಕುತ್ತಿಗೆಗೆ ಸುತ್ಕೊಂಡು ಬೀದಿ ಬೀದಿ ತಿರುಗಿದ್ನಲ್ಲ ಅಪ್ಪಾ!”

“ಒಂದೇ ಸಲ ಅಂತ ಮಾಡಿದ್ದು ಮಗಳೇ. ಆ ವರ್ಷ ನೀನು ಕೌಂಟರ್ ಹಿಂದೆ ನಿಂತು ಕಂಡೋರ ಗಂಟೆಲ್ಲ ಕಟ್ತಿದ್ದೆ. ನನ್ನ ಕೈಲಿ ನೋಡೋಕಾಗ್ಲಿಲ್ಲ. ನಮ್ಮ ಬಾದಾಮಿ ಹಾಕಿದ್ರೆ ನಿನಗೆ ಗೊತ್ತಾಗಿಬಿಡುತ್ತೆ ಅಂತ ಆ ಹೆಂಗಸಿನ ಕಾಲಿಗೆ ಬಿದ್ದೆ.”

“ಸರಿ, ಒಂದು ಸಲ! ಆಮೇಲೆ ನಿಲ್ಲಿಸ್ಬೇಕಿತ್ತು!”

“ಹೇಗೆ ನಿಲ್ಲಿಸ್ಲಿ?” ಅಂದರು ಅಪ್ಪ. “ನಿಲ್ಲಿಸಿದ್ರೆ ಇವನೂ ಬಿಟ್ಟುಹೋದ ಅಂತ ನೀನು ಅಂದ್ಕೊಳ್ತಿದ್ದೆ.”

ಬೈಯಲು ಇನ್ನೂ ಬೇಕಾದಷ್ಟಿತ್ತು. ಆದರೂ ಅವರ ಹಾಸಿಗೆಯ ತುದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನಿಗೆ ಎದ್ದು ನನ್ನ ತಲೆ ಮುಟ್ಟಲೂ ಆಗುತ್ತಿರಲಿಲ್ಲ, ಕೈ ಚಾಚಿ ನನ್ನ ಏಪ್ರನ್ನಿನ ದಾರ ಹಿಡಿದುಕೊಂಡಿದ್ದರು. ಆಮೇಲೆ ಕೆಳಗಿಳಿದು ಮಿಕ್ಕ ಗಂಟುಗಳನ್ನು ಕಟ್ಟಿದೆ. ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ, ಚಿಲ್ಲರೆಯನ್ನು ತಟ್ಟೆಯಲ್ಲಿಟ್ಟು ಹೋದರು.

ಹಬ್ಬದ ಬೆಳಿಗ್ಗೆ ಶಟರ್ ನಾನೇ ಎತ್ತಿದೆ. ಹಿಡಿಕೆಯಲ್ಲಿ ಏನೂ ಇರಲಿಲ್ಲ, ಇರುವುದಿಲ್ಲವೆಂದು ಗೊತ್ತಿದ್ದೂ ನೋಡಿದೆ. ಬೀದಿಯ ಹೆಂಗಸರೆಲ್ಲ ಕೊರಳಿಗೆ ಹೊಸ ಬಣ್ಣ ಸುತ್ತಿಕೊಂಡು ಓಡಾಡುತ್ತಿದ್ದರು. ಎದುರಿನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬತೀಸ್ತ್ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಸದ್ದು ಬೆಳಗಿನಿಂದ ಕೇಳುತ್ತಿತ್ತು. ಒಮ್ಮೊಮ್ಮೆ ಅದು ನಿಂತುಹೋಗುತ್ತಿತ್ತು. ನಿಂತಾಗಲೆಲ್ಲ ನಾನು ಬಾಗಿಲಿಗೆ ಬರುತ್ತಿದ್ದೆ, ಮತ್ತೆ ಶುರುವಾಗುತ್ತಿತ್ತು.

ಹನ್ನೆರಡಕ್ಕೆ ದೊಡ್ಡ ಚರ್ಚಿನ ಮಿಕಲೆತ್ ಗೋಪುರದ ಗಂಟೆ ಹೊಡೆಯಿತು. ಊರಿನ ಬಾವುಟದ ಮೆರವಣಿಗೆ ನೋಡಲು ಜನರೆಲ್ಲ ಚೌಕದ ಕಡೆ ಹೋದರು. ಬೀದಿ ಖಾಲಿಯಾಯಿತು. ಟ್ರೇನಿಗೆ ಇನ್ನು ಆರೇ ಗಂಟೆ ಎನಿಸಿತು. ಇವನು ಹೋದರೆ ಹೋದ ಹಾಗೆಯೇ. ನನ್ನ ಮಾನವಂತೂ ನಿನ್ನೆಯೇ ಕ್ಯೂ ಮುಂದೆ ಹರಾಜಾಗಿದೆ, ಇನ್ನು ಉಳಿಸಿಕೊಳ್ಳಲು ಏನಿದೆ? ಏಪ್ರನ್ ಬಿಚ್ಚದೆಯೇ ಬೀದಿ ದಾಟಿದೆ.

“ಬತೀಸ್ತ್, ಸುತ್ತಿಗೆ ಕೆಳಗಿಡು. ನಿನಗೊಂದು ಮಾತು ಹೇಳ್ಬೇಕು, ನಡುವೆ ಬಾಯಿ ಹಾಕ್ಬೇಡ.”

ಅವನು ಸುತ್ತಿಗೆ ಇಟ್ಟ. ಗಡ್ಡ ಕೆರೆದಿರಲಿಲ್ಲ, ಕಣ್ಣು ಕೆಂಪಗಿತ್ತು.

“ಆ ಸ್ಕಾರ್ಫುಗಳನ್ನ ಕೊಟ್ಟೋನು ನೀನೇ ಅಂತ ನಾನು ಆಸೆಪಟ್ಟಿದ್ದೆ. ಮೊದಲನೇ ವರ್ಷ ಇಲ್ಲ, ಆಗ ನನಗೆ ತಲೆಯೇ ನೆಟ್ಟಗಿರಲಿಲ್ಲ. ಎರಡನೇ ವರ್ಷದಿಂದ. ನಿನ್ನ ಬಾಯಿ ಬಿಡಿಸೋಕೆ ಅಂತಾನೇ ಅದನ್ನ ಸುತ್ಕೊಂಡು ಈ ಬಾಗಿಲ ಮುಂದೆ ಓಡಾಡ್ತಿದ್ದೆ. ನೀನು ತಲೆ ಎತ್ತಲೇ ಇಲ್ಲ. ಈಗ ನೋಡು, ಕೊಟ್ಟಿದ್ದು ನಮ್ಮಪ್ಪ. ಊರೆಲ್ಲ ನಗ್ತಿದೆ, ನೀನೂ ನಗು. ಆದ್ರೆ ನಾನು ಯಾರಿಗೋಸ್ಕರ ಸುತ್ಕೊಳ್ತಿದ್ದೆ ಅನ್ನೋದು ತಿಳ್ಕೊಂಡು ಟ್ರೇನು ಹತ್ತು. ಅಷ್ಟೇ.”

ಅವನು ನಗಲಿಲ್ಲ. ಪೆಟ್ಟಿಗೆಯ ಮೇಲೆ ಕುಸಿದು ಕೂತ.

“ನನಗೋಸ್ಕರಾನಾ?” ಅಂದ. “ನನಗೆ ತೋರಿಸೋಕಾ?”

“ಮತ್ತಿನ್ಯಾರಿಗೆ, ಬೀದಿ ದೀಪಕ್ಕಾ?”

“ನಾನು... ರೋಸೆರ್, ಅದನ್ನ ನೋಡಿ ನೋಡಿನೇ ನಾನು ಬಾಯಿ ಬಿಡಲಿಲ್ಲ.”

ಅವನು ಎದ್ದು, ಗೋಡೆಯ ಕಪಾಟಿನ ಕಟ್ಟಕಡೆಯ ಡ್ರಾಯರನ್ನು ಎಳೆದ. ಉಳಿದವೆಲ್ಲ ಖಾಲಿಯಾಗಿದ್ದವು. ಅದರಲ್ಲಿದ್ದದ್ದನ್ನು ಎರಡೂ ಕೈಯಲ್ಲಿ ತಂದು ನನ್ನ ಮುಂದಿಟ್ಟ. ನೀಲಿ ರೇಷ್ಮೆಯ ಗಂಟು. ಮಡಿಕೆಗಳ ಅಂಚಿನಲ್ಲಿ ಬಣ್ಣ ಬಿಳುಚಿತ್ತು.

ನನಗೆ ಮೊದಲು ಕಂಡದ್ದು ಅದರ ಕಟ್ಟು. ನಾನು ಎಡಚಿ. ಊರವರ ಗಂಟಿನ ತುದಿ ಬಲಕ್ಕೆ ಬಂದರೆ ನನ್ನದು ಎಡಕ್ಕೆ ಬರುತ್ತದೆ. ಇದು ಎಡಕ್ಕಿತ್ತು.

“ಇದು ನಾನು ಕಟ್ಟಿದ್ದು!” ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

“ಹೌದು. ಒಂಬತ್ತು ವರ್ಷದ ಹಿಂದೆ, ಎಂಟನೇ ತಾರೀಕು. ‘ಯಾವ ಪುಣ್ಯಾತ್ಗಿತ್ತಿಗಪ್ಪಾ?’ ಅಂತ ನೀನು ಕೇಳಿದ್ದೆ. ‘ನಾಳೆ ಗೊತ್ತಾಗುತ್ತೆ’ ಅಂತ ನಾನು ಅಂದಿದ್ದೆ.”

ನೆನಪಾಯಿತು. ದೇವರೇ, ಎಲ್ಲ ನೆನಪಾಯಿತು. ನೀಲಿ ಬಣ್ಣ ಯಾಕೆ ಆರಿಸಿದೆ, ನನ್ನ ಕೇಳಿದ್ದರೆ ಒಳ್ಳೆಯದು ಆರಿಸಿಕೊಡುತ್ತಿದ್ದೆನಲ್ಲ ಎಂದೂ ಅವನನ್ನು ರೇಗಿಸಿದ್ದೆ. ಆಮೇಲೆ ಅವನು ಮತ್ತೆಂದೂ ಗಂಟು ಕಟ್ಟಿಸಲಿಲ್ಲ. ಯಾರಿಗೆ ಕೊಟ್ಟೆ ಎಂದು ಕೇಳಿದ್ದಕ್ಕೆ “ತಡವಾಯ್ತು” ಎಂದಷ್ಟೇ ಹೇಳಿದ್ದ. ಅವನಿಗೆ ಟ್ರೇನೋ ಬಸ್ಸೋ ತಪ್ಪಿರಬೇಕು ಎಂದು ನಾನು ಅಂದುಕೊಂಡಿದ್ದೆ.

“ಬೆಳಿಗ್ಗೆ ಎಂಟಕ್ಕೇ ಇದನ್ನ ಹಿಡ್ಕೊಂಡು ಬಂದೆ,” ಅಂದ. “ನಿನ್ನ ಕೊರಳಲ್ಲಿ ಹಸಿರು ಸ್ಕಾರ್ಫಿತ್ತು. ನಗ್ತಿದ್ದೆ. ಎಷ್ಟೋ ತಿಂಗಳಾದ ಮೇಲೆ ನೀನು ನಗ್ತಿದ್ದೆ ಕಣೇ. ಯಾರೋ ನಿನ್ನ ನಗಿಸಿದ್ದಾನೆ, ನಾನ್ಯಾಕೆ ಹೋಗಿ ಅದನ್ನ ಕೆಡಿಸ್ಲಿ ಅಂತ ವಾಪಸ್ ಹೋದೆ. ಮುಂದಿನ ವರ್ಷ ನೋಡೋಣ ಅಂದ್ಕೊಂಡೆ. ಮುಂದಿನ ವರ್ಷಾನೂ ಸುತ್ಕೊಂಡು ಬಂದು, ‘ಚೆನ್ನಾಗಿದೆಯೇನೋ’ ಅಂತ ನನ್ನೇ ಕೇಳಿದೆ.”

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಂಬತ್ತು ವರ್ಷ! ನಾನು ಇವನಿಗೆಂದು ಸುತ್ತಿಕೊಂಡದ್ದೇ ಇವನ ಬಾಯಿಗೆ ಬೀಗ ಹಾಕಿತ್ತು. ಇವನ ಗಂಟು ಬೀದಿಯ ಆಚೆ ಬದಿಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ನನ್ನ ಕೈಯ ಕಟ್ಟಿನೊಳಗೇ ಇತ್ತು. ಸಿಟ್ಟು ಯಾರ ಮೇಲೆ ಮಾಡಲಿ? ಅಪ್ಪನ ಮೇಲೆಯೇ, ಇವನ ಮೇಲೆಯೇ, ನನ್ನ ಮೇಲೆಯೇ?

“ದಡ್ಡ,” ಅಂದೆ. “ಕತ್ತೆ. ಒಂದು ಮಾತು ಕೇಳೋಕೆ ನಿನಗೇನಾಗಿತ್ತು?”

“ನಿನಗೇನಾಗಿತ್ತು?”

ಎಡಗೈಯಿಂದ ಕಟ್ಟು ಬಿಚ್ಚಿದೆ. ದಾಳಿಂಬೆ, ಅಂಜೂರ, ಕಿತ್ತಳೆ ಎಲ್ಲ ಬಣ್ಣಗೆಟ್ಟು ಕಲ್ಲಾಗಿದ್ದವು. ಅವುಗಳ ಮೇಲೆ ನನ್ನ ಉಗುರಿನ ಗುರುತು ಹಾಗೇ ಇತ್ತು. ಅಡಿಯಲ್ಲಿ ಎರಡು ಪಟಾಕಿಗಳು ಸಿಕ್ಕವು, ಲೆಕ್ಕಕ್ಕಿಂತ ದಪ್ಪನಾಗಿಯೇ ಇದ್ದವು. ಅವನನ್ನು ನಾಚಿಸಲೆಂದು ಅವತ್ತು ನಾನೇ ಆರಿಸಿ ಹಾಕಿದ್ದೆ. ಈಗ ನಾಚಿ ಮುಖ ಕೆಂಪಾದದ್ದು ನನ್ನದು. ಬತೀಸ್ತ್ ಚಾವಣಿ ನೋಡುತ್ತಿದ್ದ.

“ಚಾವಣಿ ಏನ್ ನೋಡ್ತೀಯ? ಕಟ್ಟು,” ಎಂದು ಕೊರಳು ಚಾಚಿದೆ.

ಬೀಸಣಿಗೆಯ ಕೂದಲೆಳೆಯಂಥ ಕಡ್ಡಿ ಕೂಡಿಸುವ ಆ ಬೆರಳುಗಳಿಗೆ ಒಂದು ಸ್ಕಾರ್ಫು ಕಟ್ಟಲು ಬರಲಿಲ್ಲ. ಮೂರು ಸಲ ಜಾರಿತು. ಅವನ ಉಸಿರು ನನ್ನ ಕಿವಿಯ ಹತ್ತಿರ ಏರಿಳಿಯುತ್ತಿತ್ತು, ಮೈಯಲ್ಲಿ ಅಂಟಿನ ವಾಸನೆ, ಮರದ ವಾಸನೆ. ನಾಲ್ಕನೆಯ ಸಲ ನಾನೇ ಅವನ ಬೆರಳು ಹಿಡಿದು ಎಡಕ್ಕೆ ಕಟ್ಟಿಸಿದೆ. ಕಟ್ಟಿಯಾದ ಮೇಲೂ ಅವನು ಕೈ ತೆಗೆಯಲಿಲ್ಲ. ನಾನೂ ತೆಗೆ ಎನ್ನಲಿಲ್ಲ. ಅವನ ಹಣೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ಮೂಗಿನ ಮೇಲಿಟ್ಟೆ.

“ಚೆನ್ನಾಗಿದೆಯೇನೋ?” ಎಂದು ಕೇಳಿದೆ.

ಅವನು ತಲೆ ತಗ್ಗಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡಿದ.

“ಆರಕ್ಕೆ ಟ್ರೇನಿದೆ,” ಅಂದೆ.

“ಇರ್ಲಿ, ಅದರ ಪಾಡಿಗೆ ಅದು ಹೋಗ್ಲಿ.”

“ಸೆವಿಲ್ಯಾದವರು?”

“ಬರಲ್ಲ ಅಂತ ಬರೆದು ಹಾಕ್ತೀನಿ. ಆದ್ರೆ ಅಂಗಡಿ ಇಲ್ವಲ್ಲೇ ನನಗೆ.”

“ನಮ್ಮ ಕಿಟಕಿ ಪಕ್ಕ ಜಾಗ ಇದೆ. ಒಂದು ಬದಿಗೆ ಮಿಠಾಯಿ, ಒಂದು ಬದಿಗೆ ಗಾಳಿ. ಬಾ, ಅಪ್ಪನಿಗೆ ಹೇಳೋಣ.”

ಬೀದಿ ದಾಟುವಾಗ ಮೆರವಣಿಗೆ ಮುಗಿಸಿ ಜನ ವಾಪಸ್ ಬರುತ್ತಿದ್ದರು. ಎಲ್ಲರ ಕಣ್ಣೂ ನನ್ನ ಕೊರಳ ಮೇಲೆ. ಫಿನೇತಾ ಅತ್ತೆ ನಿಂತಲ್ಲೇ ನಿಂತಳು. ನಮ್ಮ ಮೇಲಿನ ಕಿಟಕಿಯಲ್ಲಿ, ಐದು ದಿನದಲ್ಲಿ ಮೊದಲ ಬಾರಿಗೆ, ಅಪ್ಪ ಚೌಕಟ್ಟು ಹಿಡಿದು ಎದ್ದು ನಿಂತಿದ್ದರು. ನನ್ನ ಕೊರಳಿನ ನೀಲಿ ರೇಷ್ಮೆ ಕಂಡು ಅವರ ಬಾಯಿ ತೆರೆದುಕೊಂಡಿತು. ಗಾಬರಿಯಿಂದ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

“ರೋಸೆರ್! ದೇವರಾಣೆಗೂ ಅದು ನಾನು ತಂದದ್ದಲ್ಲ!”

“ಗೊತ್ತಪ್ಪಾ,” ಎಂದು ಕೂಗಿ, ಕಲ್ಲಾಗಿದ್ದ ಆ ಎರಡು ಪಟಾಕಿಗಳನ್ನು ಕೈಯೆತ್ತಿ ತೋರಿಸಿದೆ.